ಅರವತ್ತೆಂಟು ಸೆಂಟಿಮೀಟರ್ ಬಾಗಿಲು

ಫೆಬ್ರವರಿ 6

ಭಾವನವರಿಗೆ,

ಫೋನು ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ಮೂವತ್ತು ವರ್ಷ ಮರ ಕೊಯ್ಯುವ ಯಂತ್ರದ ಪಕ್ಕ ನಿಂತು ಕಿವಿ ಕಳೆದುಕೊಂಡಿದ್ದೀರಿ. ಉಳಿದಿರುವ ಸ್ವಲ್ಪವನ್ನು ನನ್ನ ಮಾತಿಗೆ ಖರ್ಚು ಮಾಡುವ ಮನಸ್ಸು ನಿಮಗಿಲ್ಲ. ಆದ್ದರಿಂದ ಕಾಗದ.

ಬೆನ್ನಿನ ಆಪರೇಷನ್ ಆದರೂ ಅಕ್ಕನ ಕಾಲುಗಳು ಇನ್ನು ಮೊದಲಿನಂತೆ ಆಗುವುದಿಲ್ಲ ಎಂದು ಡಾಕ್ಟರು ನಿನ್ನೆ ಅವಳಿಗೇ ಹೇಳಿದರು. ಅವಳು ಅಳಲಿಲ್ಲ. "ಸರಿ, ಹಾಗಾದ್ರೆ ಕುರ್ಚಿ ಓಡಿಸೋದು ಕಲೀತೀನಿ" ಅಂದಳು. ಮುಂದಿನ ವಾರ ಆಸ್ಪತ್ರೆಯಿಂದ ಬಿಡುತ್ತಾರೆ, ನನ್ನ ಕ್ವಾರ್ಟರ್ಸಿಗೆ ಕರೆದುಕೊಂಡು ಹೋಗುತ್ತೇನೆ. ಇಲ್ಲಿ ಲಿಫ್ಟ್ ಇದೆ, ಬಾಗಿಲುಗಳು ಅಗಲವಾಗಿವೆ. ನನ್ನನ್ನು ಕೇಳಿದರೆ ಅವಳು ಇಲ್ಲೇ ಇದ್ದುಬಿಡಲಿ. ಆದರೆ ಅವಳಿಗೆ ತನ್ನ ಮನೆಗೇ ಹೋಗಬೇಕಂತೆ, ನಿಮ್ಮ ಅಂಗಡಿಯ ಹಿಂದಿನ ಆ ಎರಡೂವರೆ ಕೋಣೆಗೆ. ಅವಳ ಷರತ್ತು ಒಂದೇ. "ಬಚ್ಚಲಿಗೆ ನಾನೇ ಹೋಗ್ಬೇಕು. ಯಾರೂ ನನ್ನ ಎತ್ಕೊಂಡು ಹೋಗೋ ಹಾಗಿರ್ಬಾರ್ದು."

ಕುರ್ಚಿಯ ಅಗಲ 67 ಸೆಂಟಿಮೀಟರ್. ಬಾಗಿಲು 80 ಇರಲಿ ಎಂದು ಕುರ್ಚಿಯ ಜೊತೆ ಬಂದ ಪುಸ್ತಕದಲ್ಲಿದೆ. ನಿಮ್ಮ ಬಚ್ಚಲಿನ ಬಾಗಿಲು ಎಷ್ಟಿದೆ, ಎಷ್ಟು ಅಗಲ ಮಾಡಬಹುದು ಎಂದು ಅಳೆದು ತಿಳಿಸಿ. ಸೆಂಟಿಮೀಟರಿನಲ್ಲಿ ತಿಳಿಸಿ. ಇಂಚಿಗೆ ತಿರುಗಿಸಿ, ಅದಕ್ಕೊಂದು 'ಸುಮಾರು' ಸೇರಿಸಿ ಕಳಿಸಬೇಡಿ. ನೀವು ಹಾಗೆ ತಿರುಗಿಸಿ ಮಾಡಿಕೊಟ್ಟ ಕಪಾಟು ಏಳು ವರ್ಷದಿಂದ ನನ್ನ ಅಡುಗೆಮನೆಯಲ್ಲಿ ಮೂತಿ ಚಾಚಿಕೊಂಡು ನಿಂತಿದೆ. ದಿನಕ್ಕೊಮ್ಮೆ ಮೊಣಕೈಗೆ ಬಡಿದು ನಿಮ್ಮನ್ನು ನೆನಪಿಸುತ್ತದೆ.

ಇದರ ಜೊತೆಗೆ ಒಂದು ಹೊಸ ಟೇಪು ಕಳಿಸಿದ್ದೇನೆ. ಅದರಲ್ಲಿ ಸೆಂಟಿಮೀಟರ್ ಕೆಳಗಿನ ಅಂಚಿನಲ್ಲಿದೆ. ಮೇಲಿನ ಅಂಚನ್ನು ನೋಡಬೇಡಿ.

ನಿಮ್ಮ ಹೆಂಡತಿಯ ತಂಗಿ


ಫೆಬ್ರವರಿ 14

ಡಾಕ್ಟ್ರಮ್ಮನವರ ಸನ್ನಿಧಾನಕ್ಕೆ,

ಎಕ್ಸರೇ ತೆಗೆಯುವವರನ್ನು ಏನೆಂದು ಕರೆಯಬೇಕೆಂದು ಈ ಬಡಗಿಗೆ ತಿಳಿಯದು. ನಿನ್ನ ಗತ್ತು ನೋಡಿ ಡಾಕ್ಟ್ರಮ್ಮ ಎಂದೇ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಟೇಪು ಬಂತು. ಹಳದಿ ಬಣ್ಣ ಚೆನ್ನಾಗಿದೆ, ಮಕ್ಕಳಿಗೆ ಆಡಲು ಕೊಡಬಹುದು. ಆದರೆ ನನಗೊಂದು ವಿಷಯ ಹೇಳು. ಈ ಸೆಂಟಿಮೀಟರ್ ಯಾರ ಮೈಯಲ್ಲಿದೆ? ಇಂಚು ನನ್ನ ಹೆಬ್ಬೆರಳಿನಲ್ಲಿದೆ, ಅಡಿ ನನ್ನ ಕಾಲಿನಲ್ಲಿದೆ. ಇಂಚನ್ನು ಅರ್ಧ ಮಾಡಬಹುದು, ಕಾಲು ಭಾಗ ಮಾಡಬಹುದು, ಆ ಕಾಲು ಭಾಗವನ್ನು ಮತ್ತೆ ಅರ್ಧ ಮಾಡಿದರೆ ಒಂದು ನೂಲು. ಎಂಟು ನೂಲಿಗೆ ಒಂದು ಇಂಚು. ಕೈಯಲ್ಲಿ ಉಳಿ ಹಿಡಿದವನು ಹೀಗೇ ಯೋಚಿಸುತ್ತಾನೆ, ಅರ್ಧ, ಅದರಲ್ಲರ್ಧ, ಅದರಲ್ಲರ್ಧ. ನಿನ್ನ ಹತ್ತನ್ನು ಅರ್ಧ ಮಾಡಿದರೆ ಐದು, ಐದನ್ನು ಅರ್ಧ ಮಾಡಿದರೆ ಎರಡೂವರೆ, ಅದನ್ನೂ ಅರ್ಧ ಮಾಡು ಎಂದರೆ ಕಾಗದ ಪೆನ್ನು ಹುಡುಕಬೇಕು. ಇದನ್ನು ಕಂಡುಹಿಡಿದವನು ಜನ್ಮದಲ್ಲಿ ಒಂದು ಸ್ಟೂಲನ್ನೂ ಮಾಡಿರಲಾರ.

ಪ್ಲೈವುಡ್ ಅಂಗಡಿಗೆ ಹೋಗಿ ನೋಡು. ಹಲಗೆ ಎಂಟಕ್ಕೆ ನಾಲ್ಕು ಅಡಿ, ದಪ್ಪ ಹತ್ತೊಂಬತ್ತು ಮಿಲಿಮೀಟರ್. ಒಂದೇ ಹಲಗೆಗೆ ಉದ್ದಕ್ಕೊಂದು ದೇವರು, ದಪ್ಪಕ್ಕೊಂದು ದೇವರು. ನಿನ್ನ ಆಸ್ಪತ್ರೆಯಾದರೂ ಏನು ಕಮ್ಮಿ? ಜ್ವರ ನೂರೆರಡು ಅನ್ನುತ್ತೀರಿ, ಕಿಟಕಿಯಾಚೆ ಬಿಸಿಲು ಮೂವತ್ತೈದು ಅನ್ನುತ್ತೀರಿ. ಆಮೇಲೆ ನನಗೆ ಪಾಠ.

ಬಾಗಿಲು ಈಗ ಎರಡು ಅಡಿ. ನಿನ್ನ ಎಂಬತ್ತು ಈ ಮನೆಯಲ್ಲಿ ಆಗದ ಮಾತು. ಒಂದು ಕಡೆ ಕಂಬ, ಇನ್ನೊಂದು ಕಡೆ ಗೋಡೆಯೊಳಗೆ ನೀರಿನ ಪೈಪು. ಕಂಬ ತೆಗೆದರೆ ಮಹಡಿ ಕೆಳಗಿಳಿಯುತ್ತದೆ. ಹೊಸ ಚೌಕಟ್ಟು ಕೂರಿಸಿ ಇಪ್ಪತ್ತಾರೂ ಮುಕ್ಕಾಲು ಇಂಚಿನವರೆಗೆ ಅಗಲ ಮಾಡಬಹುದು. ನಿನ್ನ ಭಾಷೆಯಲ್ಲಿ ಅರವತ್ತೆಂಟು. ನೋಡು, ತಿರುಗಿಸಲೂ ಬರುತ್ತದೆ.

ಮುಂಬಾಗಿಲಿನ ಎರಡು ಮೆಟ್ಟಿಲಿಗೆ ಇಳಿಜಾರು ಹಲಗೆ ಮಾಡುತ್ತಿದ್ದೇನೆ. ಅದಕ್ಕೆ ಯಾರ ಪುಸ್ತಕವೂ ಬೇಕಿಲ್ಲ.

ಬಡಗಿ


ಫೆಬ್ರವರಿ 23

ಭಾವನವರಿಗೆ,

ಎರಡು ಪುಟ ಬರೆದಿದ್ದೀರಿ. ಇಂಚಿನ ಮಹಿಮೆ ಒಂದೂವರೆ ಪುಟ, ಬಾಗಿಲು ಅರ್ಧ ಪುಟ. ಅಕ್ಕ ಹೇಗಿದ್ದಾಳೆ ಎಂದು ಕೇಳುವ ಒಂದು ಸಾಲು ಎಲ್ಲಾದರೂ ಇರಬಹುದೆಂದು ಹಿಂದೆ ಮುಂದೆ ತಿರುಗಿಸಿ ನೋಡಿದೆ.

ಅವಳು ಚೆನ್ನಾಗಿದ್ದಾಳೆ. ಕ್ವಾರ್ಟರ್ಸಿನ ಉದ್ದದ ಕಾರಿಡಾರಿನಲ್ಲಿ ದಿನಾ ಎಂಟು ಸುತ್ತು ಹೊಡೆಯುತ್ತಾಳೆ. ಅಂಗೈಯಲ್ಲಿ ಬೊಬ್ಬೆ ಬಂದಿದೆ. ನಿಮ್ಮ ಕಾಗದವನ್ನು ಅವಳಿಗೆ ಓದಿ ಹೇಳಿದಾಗ ನಕ್ಕಳು. ನನಗೆ ನಗು ಬರಲಿಲ್ಲ. ಹೆಬ್ಬೆರಳಿನಲ್ಲಿ ಇಂಚು ಇದೆ ಎಂದಿರಿ. ಯಾರ ಹೆಬ್ಬೆರಳು? ನಿಮ್ಮದು ಇದ್ದಲಿನ ತುಂಡಿನಂತಿದೆ, ನನ್ನದು ಅದರ ಅರ್ಧ. ನಾನು ಎಕ್ಸರೇ ಯಂತ್ರವನ್ನು ರೋಗಿಯಿಂದ ನೂರು ಸೆಂಟಿಮೀಟರಿಗೆ ನಿಲ್ಲಿಸುತ್ತೇನೆ. ತೊಂಬತ್ತೆಂಟು ಅಲ್ಲ, ಸುಮಾರು ಅಲ್ಲ. ನನ್ನ ಹೆಬ್ಬೆರಳನ್ನು ನಂಬಿ ನಿಲ್ಲಿಸಿದ್ದರೆ ಈ ಊರಿನ ಅರ್ಧ ಜನರ ಮೂಳೆ ಫಿಲ್ಮಿನ ಮೇಲೆ ಬೇರೆ ಜಾಗದಲ್ಲಿ ಮುರಿದಿರುತ್ತಿತ್ತು.

ಜ್ವರದ ಮಾತು ನಿಜ. ಅದು ನಮ್ಮ ಎಡವಟ್ಟು. ಒಬ್ಬರ ಎಡವಟ್ಟನ್ನು ತೋರಿಸಿದರೆ ಇನ್ನೊಬ್ಬರದು ಸರಿಯಾಗಿಬಿಡುವುದಿಲ್ಲ.

68 ಸಾಕು. ಎರಡು ಕಡೆ ಅರ್ಧರ್ಧ ಸೆಂಟಿಮೀಟರ್ ಉಳಿಯುತ್ತದೆ, ಅವಳು ಚೌಕಟ್ಟು ಹಿಡಿದುಕೊಂಡು ಒಳಗೆ ಜರುಗಿಕೊಳ್ಳಬಹುದು. ಆದರೆ 68 ಎಂದರೆ 68. ನಿಮ್ಮ ಹಳೆಯ ಟೇಪನ್ನು ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿಯಿರಿ, ನಾನು ಕಳಿಸಿದ್ದರಿಂದಲೇ ಅಳೆಯಿರಿ.

ಅಕ್ಕನೂ ನಾನೂ ಮಾತಾಡಿ ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಮಾರ್ಚ್ 22ಕ್ಕೆ ವ್ಯಾನಿನಲ್ಲಿ ಕರೆತರುತ್ತೇನೆ. ಅವಳು ತಾನಾಗಿ ಬಚ್ಚಲಿಗೆ ಹೋದರೆ ಅಲ್ಲೇ ಉಳಿಯುತ್ತಾಳೆ. ಆಗದಿದ್ದರೆ ಅದೇ ವ್ಯಾನಿನಲ್ಲಿ ನನ್ನ ಜೊತೆ ವಾಪಸು, ಮತ್ತೆ ಈ ಮಾತು ಎತ್ತುವ ಹಾಗಿಲ್ಲ. ಅವಳು ಒಪ್ಪಿದ್ದಾಳೆ.

ಅವಳ ತಂಗಿ


ಮಾರ್ಚ್ 11

ಡಾಕ್ಟ್ರಮ್ಮನವರಿಗೆ,

ಮುಗಿಯಿತು. ಹಳೆಯ ಚೌಕಟ್ಟು ಕಿತ್ತು, ಗೋಡೆ ಕೆತ್ತಿಸಿ, ಹೊಸ ಚೌಕಟ್ಟು ಕೂರಿಸಿದ್ದೇನೆ. ಸಾಗುವಾನಿ. ಬಾಗಿಲು ಒಂದು ಬೆರಳು ತಾಗಿಸಿದರೆ ಸದ್ದಿಲ್ಲದೆ ಒಳಕ್ಕೆ ತೆರೆದುಕೊಳ್ಳುತ್ತದೆ. ಹೊಸ್ತಿಲು ತೆಗೆದುಹಾಕಿದ್ದೇನೆ. ಎದುರಿನ ವೆಲ್ಡಿಂಗ್‌ನವನು ಬಂದು ನೋಡಿ, "ಬಚ್ಚಲಿಗೆ ಇಷ್ಟು ಚೆಂದದ ಬಾಗಿಲಾ" ಎಂದು ಹೊಟ್ಟೆ ಉರಿದುಕೊಂಡು ಹೋದ.

ನಿನ್ನ ಹಳದಿ ಟೇಪಿನಿಂದಲೇ ಅಳೆದಿದ್ದೇನೆ, ಕೆಳಗಿನ ಅಂಚಿನಿಂದಲೇ ಓದಿದ್ದೇನೆ. ಇಂಚಿಗೆ ತಿರುಗಿಸಿ ತಾಳೆ ನೋಡಲೂ ಇಲ್ಲ. ನನ್ನ ಮನೆಯ ಬಾಗಿಲನ್ನು ನಿನ್ನ ಬೊಗಳೆ ಅಳತೆಯಲ್ಲಿ ಮಾಡಿದ ಈ ಅವಮಾನವನ್ನು ನಾನು ಮರೆಯುವವನಲ್ಲ. ಅರವತ್ತೆಂಟು ಕೇಳಿದೆ, ಅರವತ್ತೆಂಟು ಕೊಟ್ಟಿದ್ದೇನೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಇಪ್ಪತ್ತೆರಡಕ್ಕೆ ವ್ಯಾನು ಬಂದು ಖಾಲಿ ವಾಪಸು ಹೋಗುತ್ತದೆ. ಡ್ರೈವರಿಗೆ ಮೊದಲೇ ಹೇಳಿಡು.

ಅವಳಿಗೆ ಹೇಳು, ಗುಬ್ಬಿಗಳು ಮತ್ತೆ ಅಂಗಡಿಯ ಮರದ ರಾಶಿಯೊಳಗೆ ಗೂಡು ಕಟ್ಟಿವೆ. ಆ ರಾಶಿಯನ್ನು ನಾನು ಮುಟ್ಟಿಲ್ಲ.

ಭಾವ


ಮಾರ್ಚ್ 24

ಭಾವನವರಿಗೆ,

ನಿಮಗೆ ಬರೆಯಬಾರದು ಎಂದುಕೊಂಡಿದ್ದೆ. ಆದರೆ ಮೊನ್ನೆ ಅಕ್ಕನನ್ನು ವ್ಯಾನಿಗೆ ಹತ್ತಿಸುವ ಅವಸರದಲ್ಲಿ ಹೊರಟುಬಿಟ್ಟೆ. ಹೇಳಬೇಕಾದ್ದನ್ನು ಈಗ ಹೇಳುತ್ತೇನೆ.

ಇಳಿಜಾರು ಚೆನ್ನಾಗಿತ್ತು. ಅವಳು ಒಬ್ಬಳೇ ಹತ್ತಿದಳು. ಅಂಗಡಿ ದಾಟಿ, ಅಡುಗೆಮನೆ ದಾಟಿ, ಮರದ ಪುಡಿಯ ವಾಸನೆ ಕುಡಿಯುತ್ತಾ ಹೋದಳು. ನಾಲ್ಕು ತಿಂಗಳಲ್ಲಿ ಆ ಮುಖ ನಾನು ನೋಡಿರಲಿಲ್ಲ. "ನೀವಿಬ್ರೂ ಹೊರಗಿರಿ. ನಾನು ಕರೆಯೋ ತನಕ ಯಾರೂ ಬರ್ಬೇಡಿ" ಅಂದಳು. ನಾವು ಹೊರಗೆ ನಿಂತೆವು. ನೀವು ನನ್ನ ಕಡೆ ನೋಡಿ ಹಲ್ಲು ಕಿರಿಯುತ್ತಿದ್ದಿರಿ.

ಅವಳು ಕರೆಯಲಿಲ್ಲ. ಹದಿನೈದು ನಿಮಿಷವಾದ ಮೇಲೆ ನಾನೇ ಹೋದೆ. ಕುರ್ಚಿಯ ಎರಡು ಚಕ್ರಗಳೂ ಚೌಕಟ್ಟಿನ ನಡುವೆ ಬಿಗಿದು ಕೂತಿದ್ದವು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅವಳ ಎರಡೂ ಕೈಯ ಬೆರಳುಗಳ ಗೆಣ್ಣು ಸುಲಿದಿದ್ದವು. ಕುರ್ಚಿಯ ಕೆಳಗೆ ನೆಲ ಒದ್ದೆಯಾಗಿತ್ತು. ಬಚ್ಚಲು ಎದುರಿಗೇ ಇತ್ತು, ಒಂದು ಮೊಳ ದೂರದಲ್ಲಿ. ನೀವು ಹಿಂದಿನಿಂದ ಬಂದು ಚೌಕಟ್ಟಿಗೆ ಅಂಗೈಯಿಂದ ಹೊಡೆದಿರಿ, ತಪ್ಪು ಅದರದೇ ಎನ್ನುವಂತೆ. "ಯಾರೂ ಮಾತಾಡ್ಬೇಡಿ. ಹಿಂದಕ್ಕೆ ಎಳೀರಿ" ಎಂದಳು ಅಕ್ಕ.

ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲವೆಂದು ಕೊಚ್ಚಿಕೊಂಡಿದ್ದಿರಿ. ಮೂವತ್ತು ವರ್ಷದ ಕಸುಬು, ಒಂದು ಬಾಗಿಲನ್ನು ಅಳೆಯಲಾಗಲಿಲ್ಲ. ಇನ್ನು ಈ ಮಾತು ಮುಗಿಯಿತು. ಅಕ್ಕ ಇಲ್ಲೇ ಇರುತ್ತಾಳೆ. ಅವಳ ಬಟ್ಟೆಬರೆ ಕಟ್ಟಿ ಕಳಿಸಿ.

ಅವಳ ತಂಗಿ


ಮಾರ್ಚ್ 30

ನಾದಿನಿಗೆ,

ಬಟ್ಟೆ ಕಟ್ಟಲು ಕೂತಿದ್ದೆ, ಆಗಲಿಲ್ಲ. ಹೀಗೇಕಾಯಿತೆಂದು ತಿಳಿಯದೆ ಮೂರು ದಿನ ಊಟ ಸೇರಲಿಲ್ಲ. ನಿನ್ನೆ ತಿಳಿಯಿತು. ನಿನಗೆ ಹೇಳಿದರೆ ನೀನು ನಗುತ್ತೀಯ. ನಗು.

ನನ್ನ ಹಳೆಯ ಟೇಪಿನ ತುದಿಯ ಕೊಕ್ಕೆ ಎಂದೋ ಬಾಗಿಹೋಗಿದೆ, ಮೊದಲ ಇಂಚು ಸವೆದು ಅಳಿಸಿದೆ. ಅದಕ್ಕೆ ನಾನು ಯಾವಾಗಲೂ ಒಂದು ಇಂಚಿನ ಗೆರೆಯಿಂದ ಅಳೆಯಲು ಶುರು ಮಾಡುತ್ತೇನೆ, ಕೊನೆಗೆ ಬಂದ ಲೆಕ್ಕದಲ್ಲಿ ಒಂದನ್ನು ಕಳೆಯುತ್ತೇನೆ. ನನಗೆ ಕಸುಬು ಕಲಿಸಿದವರೂ ಹೀಗೇ ಮಾಡುತ್ತಿದ್ದರು. ಹೊಸ ಟೇಪು ಕೊಂಡರೂ ಹೀಗೇ ಮಾಡುತ್ತೇನೆ, ಕೈಗೆ ಬೇರೆ ಗೊತ್ತಿಲ್ಲ. ನಿನ್ನ ಟೇಪು ಹಿಡಿದಾಗಲೂ ಮೇಲಿನ ಅಂಚಿನ ಒಂದು ಇಂಚಿನ ಗೆರೆಯನ್ನೇ ಕಂಬಕ್ಕೆ ಒತ್ತಿದ್ದೇನೆ. ಆಚೆ ತುದಿಯನ್ನು ನೀನು ಹೇಳಿದಂತೆ ಕೆಳಗಿನ ಅಂಚಿನಲ್ಲಿ ಓದಿದ್ದೇನೆ, ಅರವತ್ತೊಂಬತ್ತು. ಅದರಲ್ಲಿ ಒಂದು ಕಳೆದು ಅರವತ್ತೆಂಟು. ಬಿಟ್ಟದ್ದು ಒಂದು ಇಂಚು, ಕಳೆದದ್ದು ಒಂದು ಸೆಂಟಿಮೀಟರ್. ನಿನ್ನೆ ತುದಿಯಿಂದ ಹಿಡಿದು ಅಳೆದೆ. ಬಾಗಿಲು ಅರವತ್ತಾರೂವರೆ ಇದೆ.

ಅರ್ಧ ಸೆಂಟಿಮೀಟರ್ ಕಮ್ಮಿ. ಅದು ಯಾರ ಮೈಯಲ್ಲಿದೆ ಎಂದು ಕೇಳಿದ್ದೆನಲ್ಲ, ಅವಳ ಬೆರಳಿನ ಗೆಣ್ಣುಗಳ ಮೇಲಿದೆ. ಈ ಬೆಪ್ಪುತಕ್ಕಡಿಗೆ ಅಷ್ಟಾದ ಮೇಲೆ ಬುದ್ಧಿ ಬಂತು.

ಚೌಕಟ್ಟನ್ನು ಕೆತ್ತಿ ಅಗಲ ಮಾಡಿದ್ದೇನೆ. ಮೂರು ಸಲ ಅಳೆದೆ, ನಿನ್ನ ಟೇಪಿನಿಂದಲೂ ನನ್ನದರಿಂದಲೂ. ಅರವತ್ತೆಂಟೇ ಇದೆ. ಅವಳು ಬರುತ್ತಾಳೆಂದು ಅಲ್ಲ. ಹಾಗೇ ಬಿಟ್ಟರೆ ಆ ದಾರಿಯಲ್ಲಿ ಓಡಾಡಲು ನನಗಾಗುತ್ತಿರಲಿಲ್ಲ.

ಭಾವ


ಏಪ್ರಿಲ್ 7

ಭಾವನವರಿಗೆ,

ನಾನು ನಗಲಿಲ್ಲ. ನಗಲು ನನಗೆ ಮುಖವಿಲ್ಲ.

ಆ ದಿನ ನಾವು ಬಂದು ಇಳಿದಾಗ ನೀವು ವೆಲ್ಡಿಂಗ್‌ನವನಿಗೆ ಇಳಿಜಾರು ತೋರಿಸುತ್ತಾ ಮೀಸೆ ತಿರುವುತ್ತಿದ್ದಿರಿ. ಅಕ್ಕ ವ್ಯಾನಿನಲ್ಲೇ ಇದ್ದಳು. ನಾನು ಒಳಗೆ ಹೋಗಿ ಬಚ್ಚಲಿನ ಬಾಗಿಲಿಗೆ ಟೇಪು ಹಿಡಿದೆ. ನನ್ನ ಚೀಲದಲ್ಲಿ ಯಾವಾಗಲೂ ಒಂದು ಇರುತ್ತದೆ. 66.5 ಇತ್ತು. ಕುರ್ಚಿ 67 ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಟೇಪನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ. ಯಾರಿಗೂ ಹೇಳಲಿಲ್ಲ.

ಹೇಳಿದ್ದರೆ ನೀವು ಅಲ್ಲೇ ಕೀಸುಳಿ ತೆಗೆದುಕೊಂಡು ಒಂದು ಗಂಟೆಯಲ್ಲಿ ಸರಿಮಾಡುತ್ತಿದ್ದಿರಿ. ಅವಳು ಅಲ್ಲೇ ಉಳಿಯುತ್ತಿದ್ದಳು. ನನಗೆ ಅದು ಬೇಕಿರಲಿಲ್ಲ. ನೀವು ಸೋಲುವುದನ್ನು ನೋಡಬೇಕಿತ್ತು, ಅವಳು ನನ್ನ ಜೊತೆ ಇರಬೇಕಿತ್ತು. ಚಕ್ರ ಬಾಗಿಲಿಗೆ ತಾಗುತ್ತದೆ, ಅವಳು ಆಗುವುದಿಲ್ಲ ಎನ್ನುತ್ತಾಳೆ, ವ್ಯಾನು ಹತ್ತುತ್ತೇವೆ, ಇಷ್ಟೇ ಎಂದುಕೊಂಡಿದ್ದೆ. ಅವಳು ಬಿಡದೆ ಒಳಗೆ ನುಗ್ಗಲು ನೋಡುತ್ತಾಳೆಂದು ನನಗೆ ಹೊಳೆಯಲಿಲ್ಲ. ಅಷ್ಟು ಆಸೆಯಿತ್ತೆಂದು ನನಗೆ ಗೊತ್ತಿರಲಿಲ್ಲ.

ನಿನ್ನೆ ಅವಳಿಗೆ ಎಲ್ಲ ಹೇಳಿದೆ. ನಿಮ್ಮ ಕಾಗದವನ್ನೂ ಓದಲು ಕೊಟ್ಟೆ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಿಮಗೆ ಬರೆಯುತ್ತಾಳಂತೆ.

ನಾದಿನಿ


ಏಪ್ರಿಲ್ 9

ನಮ್ಮನೆಯವರಿಗೆ,

ಕೈ ವಾಸಿಯಾಗಿದೆ, ಬರೆಯಬಲ್ಲೆ.

ತಂಗಿಯ ಹತ್ತಿರವಿದ್ದ ನಿಮ್ಮ ಕಾಗದಗಳನ್ನೂ ಅವಳು ಬರೆದವುಗಳ ನಕಲನ್ನೂ ತೆಗೆಸಿಕೊಂಡು ಮೊದಲಿನಿಂದ ಓದಿದೆ. ನಿಮ್ಮದನ್ನು ಓದುವಾಗ ಹಿಂದೆ ನಗು ಬಂದಿತ್ತು, ಈ ಸಲ ಹೇಸಿಗೆಯಾಯಿತು. ನಿಮಗೆ ಇಂಚು ದೊಡ್ಡದು, ಅವಳಿಗೆ ಸೆಂಟಿಮೀಟರ್ ದೊಡ್ಡದು. ನಡುವೆ ನಾನು ಸಿಕ್ಕಿಹಾಕಿಕೊಂಡೆ. ನಿಮ್ಮ ಜಗಳ ಮಾರುದ್ದದ ಕಾಗದಗಳಲ್ಲಿ ಹೋಗುತ್ತಾ ಬರುತ್ತಾ ಇರುವಾಗ "ನಿನಗೇನು ಬೇಕು" ಎಂದು ನನ್ನನ್ನು ಯಾರೂ ಕೇಳಲಿಲ್ಲ. ನನ್ನದು 67 ಎಂದು ಇಬ್ಬರೂ ಬರೆದುಕೊಂಡಿರಿ, ಅಷ್ಟೇ. ಅದು ನನ್ನ ಅಗಲವಲ್ಲ, ಕುರ್ಚಿಯದು.

ಆಪರೇಷನ್ ದಿನ ಬಂದಿರಿ, ಮರುದಿನ ಹೋದಿರಿ. ಆಮೇಲೆ ನಾಲ್ಕು ತಿಂಗಳು ನಿಮ್ಮ ಮುಖ ಕಾಣಲಿಲ್ಲ. ಅಂಗಡಿಯ ಕೆಲಸ ಎಂದಿರಿ, ಬಾಗಿಲಿನ ಕೆಲಸ ಎಂದಿರಿ. ಕುರ್ಚಿಯಲ್ಲಿ ಕೂತ ನನ್ನನ್ನು ನೋಡಲು ನಿಮಗೆ ಆಗುವುದಿಲ್ಲ ಎಂದು ನನಗೆ ಗೊತ್ತು. ಇಪ್ಪತ್ತೆರಡನೇ ತಾರೀಕೂ ನೀವು ನನ್ನ ಕಡೆ ನೋಡಲಿಲ್ಲ, ಚೌಕಟ್ಟನ್ನೇ ನೋಡಿದಿರಿ. ನನಗೆ ಅದು ಒದ್ದೆ ನೆಲಕ್ಕಿಂತ ಹೆಚ್ಚು ಚುಚ್ಚಿತು.

ನನ್ನ ತಂಗಿಯನ್ನು ಬೈಯಬೇಡಿ. ಅವಳನ್ನು ನಾನೇ ವಿಚಾರಿಸಿಕೊಳ್ಳುತ್ತೇನೆ.

ನಾಳಿದ್ದು ವ್ಯಾನು ಬರುತ್ತದೆ. ಅದರಲ್ಲಿ ನಾನಿರುವುದಿಲ್ಲ, ಕುರ್ಚಿ ಇರುತ್ತದೆ. ಆಸ್ಪತ್ರೆಯವರು ಒಂದು ವಾರಕ್ಕೆ ನನಗೆ ಬೇರೆ ಕುರ್ಚಿ ಕೊಟ್ಟಿದ್ದಾರೆ. ನೀವು ಅಂಗಡಿ ಮುಚ್ಚಿ, ಒಂದು ದಿನ ಪೂರ್ತಿ, ಬೆಳಗಿನಿಂದ ಮಲಗುವವರೆಗೆ, ಅದರಲ್ಲಿ ಕೂತು ಆ ಮನೆಯಲ್ಲಿ ಇರಿ. ಏಳಬೇಡಿ. ಟೇಪು ಮುಟ್ಟಬೇಡಿ. ಆಮೇಲೆ ನನಗೆ ಬರೆಯಿರಿ. ಬರಬೇಕೋ ಬೇಡವೋ ಎಂದು ಅದನ್ನು ಓದಿ ಯೋಚಿಸುತ್ತೇನೆ.

ನಿಮ್ಮ ಹೆಂಡತಿ


ಏಪ್ರಿಲ್ 16

ನಿನಗೆ,

ನಿನ್ನೆ ಕೂತಿದ್ದೆ. ಬೆಳಿಗ್ಗೆ ಆರಕ್ಕೆ ಕೂತವನು ರಾತ್ರಿ ಒಂಬತ್ತಕ್ಕೆ ಎದ್ದೆ.

ಒಲೆಯ ಮೇಲಿನ ಪಾತ್ರೆಯೊಳಗೆ ಏನಿದೆ ಎಂದು ಕಾಣುವುದಿಲ್ಲ. ಟೀ ಉಕ್ಕಿ ಹೋಯಿತು. ಲೈಟಿನ ಸ್ವಿಚ್ಚಿಗೆ ಬೆರಳ ತುದಿ ತಾಗಿತು, ಒತ್ತಲು ಆಗಲಿಲ್ಲ. ಕನ್ನಡಿಯಲ್ಲಿ ನನ್ನ ಮುಖವಿರಲಿಲ್ಲ, ಹಿಂದಿನ ಗೋಡೆಯ ಕ್ಯಾಲೆಂಡರ್ ಇತ್ತು. ಇವನ್ನೆಲ್ಲ ಆ ಎತ್ತರಕ್ಕೆ ಕೂರಿಸಿದವನು ನಾನೇ.

ಆಮೇಲೆ ಬಚ್ಚಲಿಗೆ ಹೋದೆ. ಚೌಕಟ್ಟು ಹಿಡಿದು ಜರುಗಿದೆ, ಕುರ್ಚಿ ಒಳಗೆ ಹೋಯಿತು. ನಿಜ ಹೇಳುತ್ತೇನೆ, ಆಗ ಎದೆ ಉಬ್ಬಿತು. ಬಾಗಿಲು ಹಾಕಿಕೊಳ್ಳೋಣವೆಂದು ಕೈ ಹಿಂದಕ್ಕೆ ಚಾಚಿದೆ. ಬಾಗಿಲು ಒಳಕ್ಕೆ ತೆರೆಯುತ್ತದೆ, ಕುರ್ಚಿ ಅದರ ದಾರಿಯಲ್ಲೇ ನಿಂತಿದೆ. ಮುಂದೆ ಜರುಗಿದರೆ ಗೋಡೆ. ತಿರುಗಲು ಜಾಗವಿಲ್ಲ. ಒಳಗೆ ಹೋದವರು ಬಾಗಿಲು ಹಾಕಿಕೊಳ್ಳುವ ಹಾಗೇ ಇಲ್ಲ. ಅಷ್ಟರಲ್ಲಿ ಸ್ಕ್ರೂ ಕೇಳಿಕೊಂಡು ವೆಲ್ಡಿಂಗ್‌ನವನು ಮುಚ್ಚಿದ ಅಂಗಡಿಯ ಬಾಗಿಲು ತಳ್ಳಿಕೊಂಡು ನೇರ ಒಳಗೆ ಬಂದುಬಿಟ್ಟ. ನಾನು ಪಂಚೆ ಸಡಿಲಿಸಿ ಕೂತಿದ್ದೆ. ಅವನು ಮುಖ ತಿರುಗಿಸಿ, "ಆಮೇಲೆ ಬರ್ತೀನಿ ಅಣ್ಣ" ಅಂದ. ನನಗೆ ಎರಡು ಕಾಲಿವೆ, ಎದ್ದು ಬಾಗಿಲು ಹಾಕಬಹುದಿತ್ತು. ಏಳಲಿಲ್ಲ. ಅಲ್ಲೇ ಕೂತು ತುಂಬಾ ಹೊತ್ತು ಅತ್ತೆ.

ಆ ದಿನ ಬಾಗಿಲು ಸರಿಯಾಗಿ ಅರವತ್ತೆಂಟೇ ಇದ್ದಿದ್ದರೆ ನಾನು ಗೆದ್ದೆ ಎಂದು ಕುಣಿಯುತ್ತಿದ್ದೆ. ನೀನು ಇಲ್ಲೇ ಉಳಿಯುತ್ತಿದ್ದೆ. ದಿನಾ ಬಾಗಿಲು ತೆರೆದಿಟ್ಟು ಸ್ನಾನ ಮಾಡುತ್ತಿದ್ದೆ, ನನಗೆ ಹೇಳುತ್ತಲೂ ಇರಲಿಲ್ಲ.

ಇವತ್ತು ಬಾಗಿಲನ್ನು ಕಳಚಿ ಹೊರಕ್ಕೆ ತೆರೆಯುವಂತೆ ತಿರುಗಿಸಿದ್ದೇನೆ. ಬಚ್ಚಲಿನ ಹಿಂದೆ ನಾನು ಮರ ಪೇರಿಸುವ ಕೋಣೆಯನ್ನು ಖಾಲಿ ಮಾಡುತ್ತಿದ್ದೇನೆ, ನಡುವಿನ ಗೋಡೆ ಒಡೆಯಬೇಕು. ಎಷ್ಟು ಒಡೆಯಬೇಕೆಂದು ನಾನು ಲೆಕ್ಕ ಹಾಕುವುದಿಲ್ಲ, ನಿನ್ನ ತಂಗಿಯನ್ನೂ ಕೇಳುವುದಿಲ್ಲ. ಶನಿವಾರ ಕುರ್ಚಿ ತೆಗೆದುಕೊಂಡು ಅಲ್ಲಿಗೆ ಬರುತ್ತಿದ್ದೇನೆ, ನಿನ್ನನ್ನು ನೋಡಲು. ನೀನು ನನ್ನ ಜೊತೆ ಇಲ್ಲಿಗೆ ಬಂದು ಆ ಖಾಲಿ ಕೋಣೆಯಲ್ಲಿ ಒಂದು ಸುತ್ತು ತಿರುಗಿ ತೋರಿಸಿದರೆ ಚಕ್ರ ಹೋದ ಜಾಗಕ್ಕೆ ಸೀಮೆಸುಣ್ಣದ ಗೆರೆ ಹಾಕಿಕೊಳ್ಳುತ್ತೇನೆ. ಬರುವುದಿಲ್ಲ ಎಂದರೆ ಅಲ್ಲೇ ನೆಲದ ಮೇಲೆ ತಿರುಗಿ ತೋರಿಸು. ಹೇಗೂ ಗೋಡೆ ಒಡೆಯುತ್ತೇನೆ.

ನಿನ್ನವನು